ಮಜ್ಜಿಗಿ ಹೇಮಪ್ಪನ ಆಫ್ರಿಕಾ ಹಕ್ಕಿ

ಗಂಗಾವತಿಯ ಕಡೆ ಮನುಷ್ಯನಿಗೆ ತಂದೆತಾಯಿ ಇಡುವ ಹೆಸರು ಅರ್ಧ ಮಾತ್ರ. ಉಳಿದರ್ಧವನ್ನು ಊರು ಇಡುತ್ತದೆ. ತಂದೆತಾಯಿಯಾದರೆ ತೊಟ್ಟಿಲು ಕಟ್ಟಿ, ಹಿರಿಯರನ್ನು ಕೇಳಿ, ಒಂದು ದೇವರ ಹೆಸರನ್ನು ಹುಡುಕುತ್ತಾರೆ. ಊರು ಯಾರನ್ನೂ ಕೇಳುವುದಿಲ್ಲ. ಯಾರದೋ ಅಜ್ಜ ಎಂದೋ ಒಮ್ಮೆ ಮೆಣಸಿನಕಾಯಿ ಚೀಲದ ಮೇಲೆ ಮಲಗಿ ಎದ್ದು ಕುಣಿದ ಎಂಬ ಕಾರಣಕ್ಕೆ, ಅವನ ಮರಿಮಗ ಕರಿಕೋಟು ಹಾಕಿ ಕೋರ್ಟಿನಲ್ಲಿ ನಿಂತರೂ ಮೆಣಸಿನಕಾಯಿ ವಕೀಲನೇ. ಇದಕ್ಕೆ ಅಡ್ಡಹೆಸರು ಎನ್ನುತ್ತಾರೆ. ಬಡಿಯುವುದು ಮಾತ್ರ ನೇರವಾಗಿ.

ಬಸ್ ಸ್ಟ್ಯಾಂಡಿನ ಹಿಂದೆ ಮನೆಯ ಮುಂಭಾಗದಲ್ಲೇ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಹೇಮಪ್ಪನ ಅಡ್ಡಹೆಸರು ಮಜ್ಜಿಗಿ. ನಿಜಾಮರ ಕಾಲದಲ್ಲಿ ಊರಿಗೆ ಬಂದ ತಾಲೂಕದಾರ ಸಾಹೇಬರಿಗೆ ಬಿಸಿಲ ಹೊತ್ತಿನಲ್ಲಿ ಮಜ್ಜಿಗೆ ಕೊಡಲು ಹೋದ ಅವನ ಅಜ್ಜ, ತನ್ನ ಧೋತರವನ್ನು ತಾನೇ ತುಳಿದು ಮುಗ್ಗರಿಸಿ, ತುಂಬಿದ ತಂಬಿಗೆಯನ್ನು ಸಾಹೇಬರ ಶೇರವಾನಿಯ ಮೇಲೆ ಬೋರಲು ಹಾಕಿದ್ದ. ಸಾಹೇಬರು ಶೇರವಾನಿ ಒಗೆಸಿಕೊಂಡು ಹೋದರು. ಆಮೇಲೆ ನಿಜಾಮರೂ ಹೋದರು. ಮಜ್ಜಿಗೆಯ ಕಲೆ ಮಾತ್ರ ಮಗನ ಮೇಲಿಂದ ಮೊಮ್ಮಗನ ಮೇಲೆ ಇಳಿದು ಬಂದು ಅಲ್ಲೇ ಒಣಗಿ ಕೂತಿತ್ತು.

ಹೇಮಪ್ಪ ಇದನ್ನು ಬಹಳ ವರ್ಷ ಸಹಿಸಿದ. ಅವನ ಸಹನೆ ಮುಗಿದದ್ದು ತುರ್ತು ಪರಿಸ್ಥಿತಿ ಮುಗಿದ ಮಾರನೆಯ ವರ್ಷ, ಕುಷ್ಟಗಿಯಲ್ಲಿ, ಹೆಂಡತಿ ಶೇಖರಮ್ಮನ ತವರಿನ ಕಡೆಯ ಮದುವೆಯಲ್ಲಿ. ನಮ್ಮ ಕಡೆ ಮುಯ್ಯಿ ಮಾಡುವುದು ಗುಟ್ಟಿನ ವ್ಯವಹಾರವಲ್ಲ. ಯಾರು ಏನು ಕೊಟ್ಟರು ಎಂಬುದನ್ನು ಮೈಕಿನಲ್ಲಿ ಕೂಗಬೇಕು, ಅದು ಊರ ಹೊರಗಿನ ಹೊಲದವರೆಗೆ ಕೇಳಬೇಕು. ಆ ಸೀಮೆಯ ಮದುವೆಗಳಿಗೆಲ್ಲ ಮೈಕು ತರುವವನೂ ಕೂಗುವವನೂ ಹುಸೇನಪ್ಪ. ಅವನು ಗಂಟಲು ಸರಿಮಾಡಿಕೊಂಡು, "ಗಂಗಾವತಿಯ ಮಜ್ಜಿಗಿ ಹೇಮಪ್ಪನವರಿಂದ ಒಂದು ಹಿತ್ತಾಳಿ ತಂಬಿಗಿ" ಎಂದು ಕೂಗಿದ. ಹಂದರದ ನಡುವಿನಿಂದ ಯಾರೋ, "ತಂಬಿಗಿ ಖಾಲಿ ಐತೋ, ಒಳಗ ಮಜ್ಜಿಗಿ ಐತೋ, ನೋಡಿ ಇಸಕೊರ್ರಿ" ಎಂದರು.

ಹಂದರ ನಕ್ಕಿತು. ಮದುಮಗಳೂ ಸೆರಗಿನೊಳಗೆ ನಕ್ಕಳು. ಅದನ್ನೂ ತಡೆದುಕೊಳ್ಳಬಹುದಿತ್ತು, ಆದರೆ ಹುಸೇನಪ್ಪ ಮೈಕನ್ನು ಬಾಯಿಂದ ತೆಗೆಯದೆಯೇ ನಕ್ಕಿದ್ದರಿಂದ ಆ ನಗೆ ಕುಷ್ಟಗಿಯ ನಾಲ್ಕೂ ದಿಕ್ಕಿಗೆ ಹೋಯಿತು. ಹೇಮಪ್ಪ ಊಟಕ್ಕೆ ಕೂಡಲಿಲ್ಲ. ಮುಂದಿನ ಮದುವೆಯಷ್ಟೊತ್ತಿಗೆ ಈ ಹೆಸರು ನನ್ನ ಮೇಲೆ ಇರಬಾರದು ಎಂದು ತಿರುಗಿ ಬರುವ ಬಸ್ಸಿನಲ್ಲಿ ಶೇಖರಮ್ಮನಿಗೆ ಹೇಳಿದ. ಊಟ ಬಿಟ್ಟು ಬಂದವರ ಮಾತಿಗೆ ಅರ್ಥ ಇರುವುದಿಲ್ಲ ಎಂದು ಆಕೆ ಕಿಟಕಿಯ ಕಡೆ ತಿರುಗಿದಳು.

ಅಡ್ಡಹೆಸರನ್ನು ಅರ್ಜಿ ಹಾಕಿ ಬದಲಿಸಲು ಬರುವುದಿಲ್ಲ. ಅದಕ್ಕಿಂತ ದೊಡ್ಡದೊಂದು ಘಟನೆ ಆಗಬೇಕು. ಹೇಮಪ್ಪನ ಕಣ್ಣಮುಂದೆ ಉದಾಹರಣೆಗಳಿದ್ದವು. ಮೊದಲು ರೇಡಿಯೋ ತಂದವನ ಮನೆತನ ರೇಡಿಯೋ ಆಗಿತ್ತು. ಇನ್ನೊಬ್ಬ ಮುಂಬಯಿಗೆ ಹೋಗಿ, ವಾರದೊಳಗೆ ಅಳುತ್ತ ತಿರುಗಿ ಬಂದಿದ್ದ. ಅವನ ಮಕ್ಕಳು ಈಗಲೂ ಬೊಂಬಾಯಿಯವರು. ಊರಿಗೆ ಯಾರೂ ತರದ ವಸ್ತುವೊಂದನ್ನು ತರಬೇಕು, ಅಷ್ಟೇ.

ಸೈಕಲ್ಲಿನ ಸಾಮಾನು ತರಲು ಹೈದರಾಬಾದಿಗೆ ಹೋದಾಗ ಹಳೆಯ ಊರಿನ ಹಕ್ಕಿ ಬಾಜಾರದಲ್ಲಿ ಆ ವಸ್ತು ಸಿಕ್ಕಿತು. ಅಲ್ಲಿ ಕೆಂಪು, ಹಸಿರು, ಹಳದಿ ಎಲ್ಲ ಬಣ್ಣದ ಹಕ್ಕಿಗಳಿದ್ದವು. ಹೇಮಪ್ಪ ಅವುಗಳನ್ನು ಕಣ್ಣೆತ್ತಿ ನೋಡಲಿಲ್ಲ. ಒಂದು ಮೂಲೆಯಲ್ಲಿ ಹೆಬ್ಬೆರಳಷ್ಟು ಹಕ್ಕಿ ಒಂಟಿಯಾಗಿ ಕೂತಿತ್ತು. ಮೈ ಮಾಸಿದ ಧೋತರದ ಬಣ್ಣ, ಹೊಟ್ಟೆ ಬೆಳ್ಳಗೆ, ಬಾಲ ಕರ್ರಗೆ ಚೂಪಾಗಿ. ಕೊಕ್ಕು ಮಾತ್ರ ದಪ್ಪಗಿದ್ದು ಹೊಸ ಅಲ್ಯೂಮಿನಿಯಂ ಚರಿಗೆಯಂತೆ ಹೊಳೆಯುತ್ತಿತ್ತು. ಅಂಗಡಿಯವನು ಇದು ಖಾಸ್ ಆಫ್ರಿಕಾದ್ದು ಎಂದ. ಗಿಳಿ ಗಂಗಾವತಿಯಲ್ಲೂ ಇದೆ, ಆಫ್ರಿಕಾ ಇಲ್ಲ. ಹೇಮಪ್ಪ ಸೈಕಲ್ಲಿನ ಸಾಮಾನನ್ನು ಅರ್ಧಕ್ಕೆ ಬಿಟ್ಟು ಹಕ್ಕಿಯನ್ನು ತಂದ.

ಶೇಖರಮ್ಮ ಪಂಜರದ ಮುಂದೆ ಕೂತು ಬಹಳ ಹೊತ್ತು ನೋಡಿದಳು. "ಇದನ್ನ ತರಾಕ ಹೈದರಾಬಾದಕ್ಕ ಯಾಕ ಹೋದ್ರಿ? ಹಿತ್ತಲ ಜಾಲಿಗಿಡದಾಗ ಇವೇ ಅದಾವಲ್ಲ" ಎಂದಳು.

"ಅವು ಇಲ್ಲೇ ಹುಟ್ಟಿದವು. ಇದು ಸಮುದ್ರ ದಾಟಿ ಬಂದೈತಿ."

"ನೀರ ಕುಡಿಯೂದ ನೋಡಿದ್ರ ಹಂಗ ಕಾಣಂಗಿಲ್ಲ" ಎಂದು ಆಕೆ ಒಳಗೆ ಹೋದಳು.

ಆದರೆ ಊರಿಗೆ ಜಾಲಿಗಿಡದ ಹಕ್ಕಿಯನ್ನು ಯಾರು ನೋಡಿದ್ದರು? ಜೋಳ, ಭತ್ತ ತಿನ್ನುವ ಸಣ್ಣದೆಲ್ಲವೂ ಗುಬ್ಬಿ, ಗುಬ್ಬಿಯೆಂದರೆ ಡಬ್ಬಿ ಬಡಿದು ಓಡಿಸುವಂಥದ್ದು. ಪಂಜರದಲ್ಲಿ ಕೂತು ಆಫ್ರಿಕಾ ಎನ್ನಿಸಿಕೊಂಡದ್ದೇ ಅದಕ್ಕೆ ಬೇರೆಯ ಕಳೆ ಬಂತು. ಆನೆಗೊಂದಿಯಿಂದ ಬಾಳೆಗೊನೆ ಹೇರಿಕೊಂಡು ಬಂದವರು ಗಾಡಿ ನಿಲ್ಲಿಸಿ ನೋಡಿದರು. ಅಂಗಡಿಯ ಎದುರಿಗೆ ಚಹಾದ ಹೋಟೆಲು ಇಟ್ಟಿದ್ದ ಉಮರಸಾಬ ಮೂರನೆಯ ದಿನ ಬೆಳಗ್ಗೆ, ಎಲ್ಲರಿಗೂ ಕೇಳುವಂತೆ, ಆಫ್ರಿಕಾ ಹೇಮಣ್ಣಗ ಒಂದು ಚಾ ಕೊಡಪಾ ಎಂದು ಕೂಗಿದ. ಹೇಮಪ್ಪನಿಗೆ ಅಂದಿನ ಚಹಾದಲ್ಲಿ ಸಕ್ಕರೆ ಹೆಚ್ಚೆನಿಸಿತು. ಮಧ್ಯಾಹ್ನದೊಳಗೆ ಪೇಂಟರನ್ನು ಕರೆಸಿ ಬೋರ್ಡು ಬರೆಸಿದ: ಆಫ್ರಿಕಾ ಸೈಕಲ್ ಶಾಪ್. ಅವಸರ ಮಾಡಬಾರದಿತ್ತು. ಹಸಿ ಬಣ್ಣಕ್ಕೆ ಬಸ್ ಸ್ಟ್ಯಾಂಡಿನ ಧೂಳೂ ಬಂದು ಕೂರುತ್ತದೆ, ವಿದ್ಯಾವಂತರ ಕಣ್ಣೂ ಬಂದು ಕೂರುತ್ತದೆ.

ವಿದ್ಯಾವಂತರೆಂದರೆ ಹೈಸ್ಕೂಲಿನ ವಿಜ್ಞಾನದ ಓಬಳೆಪ್ಪ ಮಾಸ್ತರರು. ಬಾಡಿಗೆ ಸೈಕಲ್ಲನ್ನು ಪಂಕ್ಚರ್ ಮಾಡಿಕೊಂಡು ಬಂದು, ಗಾಳಿ ಇಳಿದಿದೆ ಅಷ್ಟೇ ಎಂದು ಗೋಡೆಗೆ ಒರಗಿಸಿ ಹೋಗುವ ಪೈಕಿ. ಈ ವಿಷಯದಲ್ಲಿ ಹೇಮಪ್ಪ ಒಮ್ಮೆ ನಾಲ್ಕು ಜನರ ಮುಂದೆ ಮಾತಾಡಿದ್ದ, ಮಾಸ್ತರರು ಅದನ್ನು ಮರೆತಿರಲಿಲ್ಲ. ಅವರು ಪಂಜರದ ಸುತ್ತ ಒಂದು ಪ್ರದಕ್ಷಿಣೆ ಬಂದು, ಕನ್ನಡಕ ಒರೆಸಿಕೊಂಡು, ಉಮರಸಾಬನ ಹೋಟೆಲಿನ ಬೆಂಚಿನ ಮೇಲೆ ಕೂತು ತೀರ್ಪು ಕೊಟ್ಟರು. ಈ ಹಕ್ಕಿಗೆ ಪಂಡಿತರ ಭಾಷೆಯಲ್ಲಿ ಲೊಂಚುರಾ ಮಲಬಾರಿಕಾ ಎಂದು ಹೆಸರು. ಮೊದಲನೆಯದು ಮನೆತನದ್ದು, ಎರಡನೆಯದು ಅದರ ಸ್ವಂತದ್ದು. ಕಾಲುವೆ ಬಂದ ಮೇಲೆ ಕ್ಯಾಂಪು ಹಾಕಿಕೊಂಡು ನೆಲೆಸಿದ ತೆಲುಗರು ಮನೆಹೆಸರನ್ನು ಮುಂದೆ ಹೇಳಿಕೊಳ್ಳುವುದಿಲ್ಲವೇ, ಹಾಗೆ. ಹಿತ್ತಲ ಜಾಲಿಗಿಡದ ಗುಬ್ಬಿಗೂ ಇದೇ ಹೆಸರು. ಅಂದಮೇಲೆ ಎರಡೂ ಒಂದೇ.

ಆಫ್ರಿಕಾದ ಹಕ್ಕಿಗೆ ಮಲಬಾರದ ಹೆಸರು ಹೇಗೆ ಬಂತೆಂದು ಹೇಮಪ್ಪ ಕೇಳಿದ. ಮಾಸ್ತರರು ನಕ್ಕರು. ಯುರೋಪಿನ ಪಂಡಿತನೊಬ್ಬ ಎಲ್ಲಿಂದಲೋ ಬಂದ ಒಂದು ಹಕ್ಕಿಯನ್ನು ನೋಡಿ ಮಲಬಾರಿಕಾ ಎಂದ, ಅವನು ಮಲಬಾರವನ್ನು ಕಂಡವನೇ ಅಲ್ಲ. ಆಫ್ರಿಕಾದ್ದಕ್ಕೆ ಆಮೇಲೆ ಇನ್ನೊಬ್ಬ, ಹಾಡುವ ಹಕ್ಕಿ ಎಂಬರ್ಥದ ಬೇರೆ ಹೆಸರು ಇಟ್ಟಿದ್ದ. ಈಗಿನ ಪಂಡಿತರಲ್ಲಿ ಹಲವರು ಎರಡನ್ನೂ ಕೂಡಿಸಿ ಒಂದೇ ಮಾಡಿದ್ದಾರೆ.

"ಕೂಡಿಸಿದ ಮ್ಯಾಲ ಹೊಸಾ ಹೆಸರ ಇಡಬೇಕಿಲ್ರಿ?"

"ಹಂಗ ಬರಂಗಿಲ್ಲ ಹೇಮಪ್ಪ. ಮೊದಲ ಯಾವ ಹೆಸರ ಇಟ್ಟಾರೋ ಅದ ಕಾಯಂ. ತಪ್ಪಿರಲಿ, ಒಪ್ಪಿರಲಿ, ಯಾರೂ ಬದಲಿ ಮಾಡಂಗಿಲ್ಲ. ಅದು ಜಗತ್ತಿನ ಪಂಡಿತರ ಕಾನೂನು."

ಹೇಮಪ್ಪನ ಮೈಯೆಲ್ಲ ಉರಿಯಿತು. ಯಾವನೋ ಕಂಡಿರದ ಊರಿನ ಹೆಸರು ಈ ಬಡಪಾಯಿ ಹಕ್ಕಿಯ ಮೇಲೆ, ತಾನು ಕಂಡಿರದ ಅಜ್ಜನ ಮಜ್ಜಿಗೆ ತನ್ನ ಮೇಲೆ. ಎರಡಕ್ಕೂ ಮೊದಲಿಟ್ಟದ್ದೇ ಕಾಯಂ ಎಂಬ ಒಂದೇ ಕಾನೂನು. ಅಲ್ಲಿಯವರೆಗೆ ಅವನಿಗೆ ಹಕ್ಕಿ ಬೋರ್ಡಿನ ಮೇಲಿನ ಹೆಸರಷ್ಟೇ ಆಗಿತ್ತು. ಆ ಕ್ಷಣಕ್ಕೆ ಅದು ತನ್ನ ಮನೆಯವನೇ ಆಯಿತು. "ನಿಮ್ಮ ಪಂಡಿತರ ಕಾನೂನು ನಾ ಒಪ್ಪಂಗಿಲ್ರಿ ಮಾಸ್ತರ್ರ" ಎಂದ. "ಇದು ಬ್ಯಾರೆ, ಅದು ಬ್ಯಾರೆ."

ಊರಿಗೆ ಅಷ್ಟು ಸಾಕಾಯಿತು. ಸಂಜೆಯೊಳಗೆ ಉಮರಸಾಬನ ಹೋಟೆಲಿನಲ್ಲಿ ಅವನು ಮಲಬಾರ ಮಜ್ಜಿಗಿ ಆಗಿದ್ದ. ಬೋರ್ಡಿನ ಕೆಳಗೆ ಯಾರೋ ಸುಣ್ಣದಲ್ಲಿ ಒಂದು ತಂಬಿಗೆಯ ಚಿತ್ರ ಬರೆದಿದ್ದರು.

ಬೇರೆಯೆಂದು ಸಿದ್ಧ ಮಾಡಿ ತೋರಿಸು ಎಂದು ಮಾಸ್ತರರು ದಾರಿಯನ್ನೂ ಹೇಳಿಕೊಟ್ಟರು. ಗಂಡುಹೆಣ್ಣು ಕೂಡಿ ಮರಿ ಮಾಡಿ, ಆ ಮರಿಗಳೂ ಮರಿ ಮಾಡಿದರೆ ಒಂದೇ ಪ್ರಭೇದ. ಸಂಸಾರ ಹೂಡದಿದ್ದರೆ ಬೇರೆ ಬೇರೆ. ಹೇಮಪ್ಪ ಹಿತ್ತಲ ಜಾಲಿಗಿಡದ ಕೆಳಗೆ ಜರಡಿಗೆ ಕೋಲು ಕೊಟ್ಟು, ನವಣೆ ಚೆಲ್ಲಿ, ಅರ್ಧ ದಿನ ಕವುಚಿ ಮಲಗಿ ಒಂದು ಗುಬ್ಬಿಯನ್ನು ಹಿಡಿದ. ಆಫ್ರಿಕಾ, ಗಂಗಾವತಿ ಎರಡನ್ನೂ ಒಂದೇ ಪಂಜರದಲ್ಲಿ ಬಿಟ್ಟ. ಯಾವುದು ಗಂಡು ಯಾವುದು ಹೆಣ್ಣು ಎಂದು ಉಮರಸಾಬ ಕೇಳಿದಾಗ ಮಾಸ್ತರರು ಕನ್ನಡಕ ಒರೆಸಿಕೊಂಡರು. ಈ ಜಾತಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಪ್ರಯೋಗಕ್ಕೆ ಅದರಿಂದೇನೂ ಬಾಧಕವಿಲ್ಲ ಎಂದರು.

ಪ್ರಯೋಗ ನಡೆಯಿತು. ಎರಡೂ ಹಕ್ಕಿಗಳು ಒಂದೇ ಕೋಲಿನ ಮೇಲೆ ಒತ್ತಿಕೊಂಡು ಕೂತು, ಒಂದು ಇನ್ನೊಂದರ ಕತ್ತು ತುರಿಸುತ್ತ, ನವಣೆ ತಿಂದು ಕಾಲ ಕಳೆದವು. ತಿಂಗಳು ಕಳೆಯಿತು. ಗೂಡಿಲ್ಲ, ತತ್ತಿಯಿಲ್ಲ. ಸಾಲಿಗೆ ಹೋಗುವವರು, ರೈಸ್ ಮಿಲ್ಲಿಗೆ ಹೋಗುವವರು ನಿಂತು ಏನಾದರೂ ವಿಶೇಷವೇ ಎಂದು ಕೇಳಿ ಹೋಗುತ್ತಿದ್ದರು; ಹೊಸ ಸೊಸೆ ಬಂದ ಮನೆಯಲ್ಲೂ ಅಷ್ಟು ವಿಚಾರಿಸುವುದಿಲ್ಲ. ಕೊನೆಗೆ ಹೇಮಪ್ಪ ಹೋಟೆಲಿನ ಮುಂದೆ ಜನ ಕೂಡಿಸಿ, ಮಾಸ್ತರ್ರ ವಿಜ್ಞಾನದ ಪ್ರಕಾರ ನಾ ಗೆದ್ದೆ ಎಂದು ಸಾರಿದ.

ಆಗ ಅವನ ದೊಡ್ಡವ್ವ ಹುಲಗೆಮ್ಮ ಎದ್ದಳು. ಅವರ ಕುಲದಲ್ಲಿ ಯಾವ ಸಂಬಂಧ ಕೂಡಬೇಕಾದರೂ ಮುದುಕಿಯನ್ನು ಕೇಳಿಯೇ ಕೂಡಬೇಕು. ಯಾರ ಬೆಡಗು, ಅಂದರೆ ಗೋತ್ರ, ಯಾವುದು, ಯಾವ ಬೆಡಗಿಗೆ ಯಾವುದು ಅಣ್ಣತಮ್ಮಿಕೆ ಎಂಬುದೆಲ್ಲ ಆಕೆಯ ನಾಲಿಗೆಯ ತುದಿಯಲ್ಲಿತ್ತು.

"ಲೇ ಹೇಮ್ಯಾ, ಬುದ್ಧಿ ಐತೇನ ನಿನಗ? ಒಂದ ಬೆಡಗಿನವರು ಅಣ್ಣ ತಂಗಿ ಆಗಬೇಕು. ಅಣ್ಣ ತಂಗಿ ಸಂಸಾರ ಮಾಡ್ತಾವೇನ? ಬಾಜೂ ಕೂತು ತಲಿ ನೋಡಕೋತಾವ, ನೋಡಕೊಂಡಾವ. ಇವೆರಡೂ ಒಂದ ಬೆಡಗು. ಬ್ಯಾರೆ ಆಗಿದ್ರ ಇಷ್ಟೊತ್ತಿಗೆ ಮನಿ ತುಂಬಾ ಮರಿ ಇರತಿದ್ದವು."

ಜನ ತಲೆದೂಗಿತು. ಮಾಸ್ತರರ ಮಾತನ್ನು ಊರು ಕೇಳುತ್ತಿತ್ತು, ಮುದುಕಿಯ ಮಾತನ್ನು ನಂಬುತ್ತಿತ್ತು. ವಿಜ್ಞಾನದ ಪ್ರಕಾರ ಗೆದ್ದ ಹೇಮಪ್ಪ ಬೆಡಗಿನ ಪ್ರಕಾರ ಸೋತ. ಆಶ್ಚರ್ಯದ ಸಂಗತಿಯೆಂದರೆ ಓಬಳೆಪ್ಪ ಮಾಸ್ತರರೂ ಎದ್ದು ನಿಂತು, ಅವ್ವಾರ ಮಾತಿನೊಳಗ ತಥ್ಯ ಐತಿ ಎಂದರು. ಸತ್ಯ ತಮ್ಮ ಕೈ ಬಿಟ್ಟು ಹೇಮಪ್ಪನ ಕಡೆ ಹೊರಟದ್ದನ್ನು ಕಂಡ ಮೇಲೆ ಅವರು ಅದನ್ನು ಹೋಗಗೊಟ್ಟು, ಬಹುಮತದ ಜೊತೆ ಉಳಿದರು. ಹೇಮಪ್ಪ ಬೋರ್ಡು ಮಾತ್ರ ಇಳಿಸಲಿಲ್ಲ. ಒಂದು ಬೆಡಗಾದರೂ ಬೇರೆ, ಹತ್ತು ಬೆಡಗಾದರೂ ಬೇರೆ ಎಂದು, ಸುಣ್ಣದ ತಂಬಿಗೆಯನ್ನು ಒರೆಸಿ, ಪಂಜರವನ್ನು ಇನ್ನೂ ಒಂದು ಮೊಳೆ ಮೇಲಕ್ಕೆ ಕಟ್ಟಿದ.

ಎರಡು ದಿನದಲ್ಲಿ ಅರಣ್ಯ ಇಲಾಖೆಯ ಗಾರ್ಡ್ ಅಮರಪ್ಪ ಬಂದ. ಯಾರು ಹೇಳಿ ಕಳಿಸಿದರೆಂದು ಅವನು ತಿಳಿಸಲಿಲ್ಲ. ತಿಳಿಸುವ ಅಗತ್ಯವೂ ಇರಲಿಲ್ಲ, ಹೇಮಪ್ಪನ ಅಂಗಡಿಯ ಬಾಡಿಗೆ ಸೈಕಲ್ಲೊಂದು ಹಿಂದಿನ ದಿನ ಅರಣ್ಯ ಕಚೇರಿಯ ಮುಂದೆ ನಿಂತಿದ್ದನ್ನು ಊರೆಲ್ಲ ನೋಡಿತ್ತು, ಅದರ ಗಾಳಿಯೂ ಇಳಿದಿತ್ತು. ಅಮರಪ್ಪ ಬಡಿಗೆಯನ್ನು ಬಗಲಿಗೆ ಸೇರಿಸಿಕೊಂಡು ಸರಕಾರದ ಧ್ವನಿಯಲ್ಲಿ ಮಾತಾಡಿದ. ಪರದೇಶದ ಹಕ್ಕಿ ಸಾಕಿಕೊಳ್ಳಲು ಅಡ್ಡಿಯಿಲ್ಲ. ಈ ದೇಶದ್ದನ್ನು ಹಿಡಿದಿಟ್ಟರೆ ಕೇಸು. ಈ ದೇಶದ್ದನ್ನು ಈಗಿಂದೀಗ ಬಿಡಬೇಕು.

"ಬಿಡ್ತೀನಿ ಸಾಹೇಬ್ರ" ಎಂದು ಹೇಮಪ್ಪ ಪಂಜರ ಇಳಿಸಿದ. ಬಾಗಿಲಿಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು.

ಕೋಲಿನ ಮೇಲೆ ಎರಡು ಹಕ್ಕಿಗಳು ಒತ್ತಿಕೊಂಡು ಕೂತಿದ್ದವು. ಎರಡೂ ಮಾಸಿದ ಧೋತರ, ಎರಡೂ ಅಲ್ಯೂಮಿನಿಯಂ ಕೊಕ್ಕು. ತಿಂಗಳಿಡೀ ಒಂದೇ ನವಣೆ ತಿಂದು ಎರಡೂ ಒಂದೇ ಸಮ ದುಂಡಗಾಗಿದ್ದವು. ಹೇಮಪ್ಪ ಎಡದ್ದನ್ನು ನೋಡಿದ, ಬಲದ್ದನ್ನು ನೋಡಿದ. ಅವು ಜಾಗ ಅದಲುಬದಲು ಮಾಡಿಕೊಂಡವು.

ಮಾಸ್ತರರು ಹೋಟೆಲಿನ ಬೆಂಚಿನಿಂದ ಕೆಳಗಿಳಿದು ಬಂದರು. "ಬಿಡು ಹೇಮಪ್ಪ. ಬ್ಯಾರೆ ಬ್ಯಾರೆ ಅಂತಿದ್ದಿ. ಯಾವುದು ನಿಂದು, ಯಾವುದು ಸರಕಾರದ್ದು, ತೋರಸು."

ಊರು ಕೂಡಿತು. ತಪ್ಪು ಹಕ್ಕಿಯನ್ನು ಬಿಟ್ಟರೆ ಆಫ್ರಿಕಾ ಜಾಲಿಗಿಡಕ್ಕೆ ಹೋಗುತ್ತದೆ, ಪಂಜರದಲ್ಲಿ ಕೇಸು ಉಳಿಯುತ್ತದೆ. ಬಿಡದೆ ನಿಂತರೆ ಎರಡೂ ಒಂದೇ ಎಂದು ತಾನೇ ಒಪ್ಪಿದಂತೆ. ಎರಡರಲ್ಲಿ ಯಾವುದಾದರೂ ಸರಿಯೇ, ಹೇಮಪ್ಪ ಸಾಯುವವರೆಗೆ ಮಜ್ಜಿಗಿ, ಅವನ ಮೊಮ್ಮಕ್ಕಳೂ ಮಜ್ಜಿಗಿ. ಅವನ ಹಣೆಯ ಮೇಲೆ ಬೆವರು ಬಂದುದನ್ನು ನೋಡಿ ಶೇಖರಮ್ಮನೇ ಹೊಸ್ತಿಲು ದಾಟಿ ಬಂದು ಪಕ್ಕದಲ್ಲಿ ನಿಂತಳು.

"ಏನ ನೋಡಾಕ ಹತ್ತೀರಿ ಅದರ ಮುಖಾನ?" ಎಂದಳು ಹುಲಗೆಮ್ಮ. ಗೆದ್ದ ಮೇಲೆ ಆಕೆಗೆ ಮಗನಂಥ ಹೇಮಪ್ಪನ ಮೇಲೆ ಕನಿಕರ ಬಂದಿತ್ತು. "ಸಂತಿಗೆ ಹೋದ್ರ ಎತ್ತಿನ ಮುಖ ನೋಡಿ ತರ್ತೀರೇನ? ಮುಂದಿಂದ ಎಲ್ಲಾ ಎತ್ತು ಛಲೋನ ಕಾಣತಾವ. ಹಿಂದ ಹೋಗಿ ನಿಂತ ನೋಡ್ರಿ."

ಹಿಂದೆ ಹೋಗಿ ನೋಡಿದರೆ ಹಕ್ಕಿಗಳು ರೆಕ್ಕೆಯನ್ನು ಬಿಗಿಯಾಗಿ ಮಡಚಿಕೊಂಡಿದ್ದವು. ಹೇಮಪ್ಪ ಒಂದನ್ನು ಮೆಲ್ಲನೆ ಹಿಡಿದ. ಉಮರಸಾಬ ಸೈಕಲ್ಲಿನ ಪಂಪು ತಂದು, ಉಸಿರು ಬಿಗಿಹಿಡಿದು, ಹಸುಗೂಸಿಗೆ ಗಾಳಿ ಹಾಕಿದಂತೆ ಒಂದೇ ಒಂದು ಸಲ ಒತ್ತಿದ. ಗರಿ ಎದ್ದು ಸರಿದವು. ಬಾಲದ ಬುಡ ಹತ್ತಿಯ ಹಾಗೆ ಬೆಳ್ಳಗಿತ್ತು. ಎರಡನೆಯದಕ್ಕೂ ಪಂಪು ಹಿಡಿದರು. ಹಂಚಿನ ತಳದಂತೆ ಕರ್ರಗಿತ್ತು.

ಮೊದಲು ಹೊಳೆದದ್ದು ಹೇಮಪ್ಪನಿಗೆ. ಅವನು ಪಂಜರವನ್ನು ಎತ್ತಿಕೊಂಡು ಹಿತ್ತಲಿಗೆ ಓಡಿದ. ಗಾರ್ಡು, ಮಾಸ್ತರರು, ಮುದುಕಿ, ಓಣಿಯೆಲ್ಲ ಹಿಂದೆ ಓಡಿತು. ಜಾಲಿಗಿಡದ ಕೆಳಗೆ ನಿಂತು ಅವನು ಚಪ್ಪಾಳೆ ತಟ್ಟಿದ. ಗುಬ್ಬಿಯ ಹಿಂಡು ಭರ್ರೆಂದು ಎದ್ದಿತು. ಗಂಗಾವತಿಯ ಅಷ್ಟೂ ಜನ, ಸರಕಾರಿ ನೌಕರರ ಸಮೇತ, ಕತ್ತೆತ್ತಿ ಆ ಹಕ್ಕಿಗಳ ಹಿಂಭಾಗವನ್ನೇ ನೋಡಿದರು. ಎಲ್ಲವೂ ಬಿಳಿ. ಕರಿಯದು ಒಂದೂ ಇರಲಿಲ್ಲ.

ಹೇಮಪ್ಪ ಬಿಳಿಯದನ್ನು ಬಿಟ್ಟುಬಿಟ್ಟ. ಅದು ಹೋಗಿ ತನ್ನ ಬಳಗ ಸೇರಿತು. ಕರಿಯದು ಪಂಜರದಲ್ಲಿ ಕೂತು, ಪಂಪಿನ ಗಾಳಿಗೆ ಕೆದರಿದ ಗರಿಗಳನ್ನು ಸರಿಮಾಡಿಕೊಳ್ಳತೊಡಗಿತು.

ಹೌದು, ಈ ಭೇದ ಪುಸ್ತಕದಲ್ಲೂ ಇದೆ ಎಂದು ಮಾಸ್ತರರು ಈಗ ನೆನಪು ಮಾಡಿಕೊಂಡರು. ಆದರೆ ಅದು ತೀರ ಸಣ್ಣ ಭೇದ, ಪಂಡಿತರು ಅದನ್ನು ಉಪಪ್ರಭೇದ ಎನ್ನುತ್ತಾರೆ. "ತಿಳಿಯೋ ಹಂಗ ಹೇಳಬೇಕಂದ್ರ ನಮ್ಮೊಳಗ ಒಳಪಂಗಡ ಇರತಾವಲ್ಲ, ಹಂಗ. ಅಷ್ಟ" ಎಂದರು.

ಅವರು ಆ ಉದಾಹರಣೆ ಕೊಡಬಾರದಿತ್ತು.

"ಒಳಪಂಗಡ ಬ್ಯಾರೆ?" ಎಂದಳು ಹುಲಗೆಮ್ಮ. "ಅದನ್ನ ಮೊದಲ ಯಾಕ ಹೇಳಲಿಲ್ಲೋ ಮಾಸ್ತರಾ? ಒಳಪಂಗಡ ಬ್ಯಾರೆ ಅಂದ ಮ್ಯಾಲ ಬೆಡಗಿನ ಮಾತ ಎಲ್ಲಿ ಬಂತು? ಅವರ ಮನ್ಯಾಗ ನಾವು ನೀರೂ ಕುಡಿಯಂಗಿಲ್ಲ. ಪೂರ್ತಿ ಬ್ಯಾರೆ. ಹೇಮ್ಯಾ, ನಿಂದು ಖರೆ."

ಜಗತ್ತಿನ ಪಂಡಿತರು ಒಂದು ಮಾಡಿದ್ದನ್ನು ಗಂಗಾವತಿಯ ಮುದುಕಿ ಎರಡು ಮಾಡಿದಳು. ಅಮರಪ್ಪ ಬಡಿಗೆ ಎತ್ತಿಕೊಂಡು, ಇಲಾಖೆಗೆ ತೃಪ್ತಿಯಾಗಿದೆ ಎಂದು ಹೇಳಿ, ಉಮರಸಾಬನ ಚಹಾ ಕುಡಿದು ಹೋದ.

ಆ ರಾತ್ರಿ ಹೇಮಪ್ಪ ರಾಜನಂತೆ ನಿದ್ದೆ ಮಾಡಿದ. ಬೆಳಗ್ಗೆ ಬಾಗಿಲು ತೆಗೆದು, ಬೋರ್ಡಿನ ಧೂಳು ಒರೆಸಿ, ಎದುರು ಹೋಟೆಲಿನ ಕಡೆ ಕಿವಿ ಕೊಟ್ಟು ಕೂತ. ಉಮರಸಾಬ ಒಲೆಯ ಹಿಂದಿನಿಂದ ತುಂಬು ಪ್ರೀತಿಯಲ್ಲಿ ಕೂಗಿದ:

"ಕರಿಕುಂಡಿ ಹೇಮಣ್ಣಗ ಒಂದು ಚಾ ಕೊಡಪಾ."

ಊರು ಹೆಸರಿಡುವಾಗ ಯಾರನ್ನೂ ಕೇಳುವುದಿಲ್ಲವೆಂದು ಮೊದಲೇ ಹೇಳಿದ್ದಾಗಿದೆ. ಆಫ್ರಿಕಾವನ್ನು ಯಾರೂ ನೋಡಿರಲಿಲ್ಲ, ಹಕ್ಕಿಯ ಆ ಭಾಗವನ್ನು ಎಲ್ಲರೂ ನೋಡಿದ್ದರು. ಸಂಜೆಯೊಳಗೆ ಹೆಸರು ಕಾಲುವೆಯ ನೀರಿನಂತೆ ಕಟ್ಟಕಡೆಯ ಓಣಿಗೂ ಮುಟ್ಟಿತು. ಹೇಮಪ್ಪ ಬೈದ, ಪಂಪು ಎತ್ತಿಕೊಂಡು ಅಟ್ಟಿಸಿಕೊಂಡು ಹೋದ. ಇದರಿಂದ ಹೆಸರು ಇನ್ನಷ್ಟು ಗಟ್ಟಿಯಾಯಿತು. ಶೇಖರಮ್ಮ, ಈ ಹೆಸರು ಹೇಳಿಕೊಂಡು ನಾ ಯಾವ ಬಳಗದ ಮುಂದೆ ನಿಲ್ಲಲಿ ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಮಾಸ್ತರರು ಮಾತ್ರ ಸಮಾಧಾನ ಹೇಳಲು ಬಂದು, ಪಂಕ್ಚರ್ ಆಗದ ಸೈಕಲ್ಲನ್ನು ಗೋಡೆಗೆ ಒರಗಿಸಿ, ಚಿಂತಿ ಮಾಡಬ್ಯಾಡ, ಮೊದಲಿಟ್ಟ ಹೆಸರೇ ಕಾಯಂ ಎಂಬುದು ಪಂಡಿತರ ಕಾನೂನು, ಸ್ವಲ್ಪ ದಿನ ತಡೆದುಕೊಂಡರೆ ಮಜ್ಜಿಗಿಯೇ ತಿರುಗಿ ಬರುತ್ತದೆ ಎಂದರು.

ಹೇಮಪ್ಪನ ಕೈಯಲ್ಲಿದ್ದ ಸ್ಪ್ಯಾನರು ನಿಂತಿತು. ಮಜ್ಜಿಗಿ ಎಂಬ ಶಬ್ದವನ್ನು ಆತ ಹಕ್ಕಿಗೆ ಪಂಪು ಹಿಡಿದ ದಿನದಿಂದ ಯಾರ ಬಾಯಲ್ಲೂ ಕೇಳಿರಲಿಲ್ಲ.

ಚೈತ್ರದಲ್ಲಿ ಯಲಬುರ್ಗಾದಲ್ಲಿ ಮದುವೆ. ಅದೇ ಬಳಗ, ಅದೇ ಮೈಕು, ಅದೇ ಹುಸೇನಪ್ಪ. ಹೇಮಪ್ಪನ ಸರದಿ ಬಂದಾಗ ಹುಸೇನಪ್ಪ ಬಾಯಿ ತೆರೆದ, ಮುಂದೆ ಸಾಲಾಗಿ ಕೂತ ಹೆಣ್ಣುಮಕ್ಕಳನ್ನು ನೋಡಿದ, ಬಾಯಿ ಮುಚ್ಚಿದ. ಹೊಸ ಹೆಸರು ಅವನಿಗೆ ಗೊತ್ತಿತ್ತು. ಆ ಸೀಮೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಮೈಕಿನಲ್ಲಿ ಕೆಮ್ಮಿದ. ಕೊನೆಗೆ ಮರ್ಯಾದೆಯ ದಾರಿ ಹಿಡಿದು, "ಗಂಗಾವತಿಯ ಮಜ್..." ಎಂದು ಆರಂಭಿಸಿದ.

ಹೇಮಪ್ಪ ಹಂದರದ ನಡುವಿನಿಂದ ಎದ್ದ. ಶೇಖರಮ್ಮ ಅಂಗಿಯ ಚುಂಗು ಹಿಡಿದಳು. ಅವನ ಮುಖ ನೋಡಿ, ಏನು ಕಂಡಳೋ, ಬಿಟ್ಟಳು. ಹೇಮಪ್ಪ ವೇದಿಕೆ ಹತ್ತಿ, ಧೋತರವನ್ನು ತುಳಿಯದಂತೆ ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಹುಸೇನಪ್ಪನ ಮೈಕು ಇಸಿದುಕೊಂಡ. ಯಲಬುರ್ಗಾ ಊರ ಹೊರಗಿನ ಹೊಲದಲ್ಲಿ ಎತ್ತು ಹೊಡೆಯುತ್ತಿದ್ದವರಿಗೂ ಕೇಳುವಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ:

"ಗಂಗಾವತಿಯ ಕರಿಕುಂಡಿ ಹೇಮಪ್ಪನಿಂದ ಒಂದು ಹಿತ್ತಾಳಿ ತಂಬಿಗಿ. ಖಾಲಿ ಐತಿ. ಮಜ್ಜಿಗಿ ಇಲ್ಲ."